ಹರಿದ ಸ್ನಾಯು ಕೂಡಿಕೊಳ್ಳುವ ಬಗೆ

2017ರ ಆಗಸ್ಟ್ 12ರಂದು ಲಂಡನ್ನಿನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ 4×100 ಮೀಟರ್ ರಿಲೇ ಫೈನಲ್ ನಡೆದಿತ್ತು. ಜಮೈಕಾದ ಕೊನೆಯ ಓಟಗಾರ ಉಸೇನ್ ಬೋಲ್ಟ್ ಬ್ಯಾಟನ್ ಹಿಡಿದು ಓಡುತ್ತಿದ್ದವರು ಇದ್ದಕ್ಕಿದ್ದಂತೆ ಕುಂಟಿ ನೆಲಕ್ಕೆ ಉರುಳಿದರು. ಮೊದಲು ಅದನ್ನು ಬರೀ ಸ್ನಾಯುಸೆಳೆತ ಎಂದರು. ಕೆಲವೇ ದಿನಗಳಲ್ಲಿ ಬೋಲ್ಟ್ ತಾವೇ ವೈದ್ಯರ ವರದಿ ಹೊರಗಿಟ್ಟರು. ಎಡತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್, ಸ್ನಾಯುರಜ್ಜುವಿಗೆ ಸೇರುವ ಜಾಗದಲ್ಲಿ ಹರಿದಿತ್ತು.

ವೇಗದ ಓಟಗಾರರಿಗೆ ಹರಿಯುವುದು ಹೆಚ್ಚಾಗಿ ಅಲ್ಲೇ. ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವ ಮೊದಲು ಅದರ ವೇಗವನ್ನು ತಡೆಯಬೇಕಾದದ್ದು ಹ್ಯಾಮ್‌ಸ್ಟ್ರಿಂಗ್. ಅಂದರೆ ಅದು ಉದ್ದವಾಗುತ್ತಲೇ ಬಿಗಿಯಬೇಕು. ಸ್ನಾಯುವಿಗೆ ಇದು ಬಲು ಕಠಿಣವಾದ ಕೆಲಸ.

ಸ್ನಾಯುವಿನ ಒಂದೊಂದು ಎಳೆಯೂ ಒಂದೇ ಉದ್ದನೆಯ ಜೀವಕೋಶ. ಅದು ತಾನಾಗಿ ಒಡೆದು ಎರಡಾಗಲಾರದು. ಹಾಗಾದರೆ ಹೊಸ ಸ್ನಾಯು ಬರುವುದೆಲ್ಲಿಂದ? 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಎಳೆಗೂ ಅದನ್ನು ಸುತ್ತಿದ ತೆಳುಪೊರೆಗೂ ನಡುವೆ ಪುಟ್ಟ ಕೋಶಗಳು ಅಂಟಿಕೊಂಡಿರುವುದು ಕಂಡಿತು. ಸ್ಯಾಟಲೈಟ್ ಕೋಶಗಳೆಂದು ಹೆಸರಾದ ಇವು ಗಾಯವಾಗುವವರೆಗೂ ನಿದ್ರಿಸುತ್ತಿರುತ್ತವೆ.

ಹರಿದ ಜಾಗದಲ್ಲಿ ಮೊದಲು ರಕ್ತ ತುಂಬುತ್ತದೆ. ಕೆಲವು ಗಂಟೆಗಳಲ್ಲಿ ಬಿಳಿರಕ್ತಕಣಗಳು, ಆಮೇಲೆ ಮ್ಯಾಕ್ರೋಫೇಜ್‌ಗಳು ಬಂದು ಸತ್ತ ಚೂರುಗಳನ್ನು ನುಂಗುತ್ತವೆ. ಕಸ ತೆಗೆದಾದ ಮೇಲೆ ಇದೇ ಮ್ಯಾಕ್ರೋಫೇಜ್‌ಗಳು ಸ್ವಭಾವ ಬದಲಿಸಿ ರಿಪೇರಿಗೆ ನೆರವಾಗುತ್ತವೆ. ಇಲಿಗಳಲ್ಲಿ ಇವನ್ನು ತಡೆದರೆ ಸ್ನಾಯು ಸರಿಯಾಗಿ ಬೆಳೆಯುವುದಿಲ್ಲ. ಈ ಕೋಶಗಳು ಬಂದು ಸೇರುವಾಗಿನ ಊತವನ್ನು ಬರೀ ಶತ್ರುವೆಂದು ನೋಡುವುದು ಅದಕ್ಕೇ ಸರಿಯಲ್ಲ. ಎಚ್ಚೆತ್ತ ಸ್ಯಾಟಲೈಟ್ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿ, ಪರಸ್ಪರ ಬೆಸೆದು ಹೊಸ ಎಳೆಯಾಗುತ್ತವೆ. ಕೆಲವು ಮಾತ್ರ ಮುಂದಿನ ಗಾಯಕ್ಕೆಂದು ಮತ್ತೆ ನಿದ್ದೆಗೆ ಜಾರುತ್ತವೆ.

ಹೊರಪೊರೆ ಉಳಿದಿದ್ದರೆ ಹೊಸ ಎಳೆ ಅದರೊಳಗೇ ಬೆಳೆಯುತ್ತದೆ. ಪೊರೆಯೂ ಹರಿದಿದ್ದರೆ ಫೈಬ್ರೋಬ್ಲಾಸ್ಟ್ ಕೋಶಗಳು ಅವಸರವಾಗಿ ಕೊಲಾಜೆನ್ ತುಂಬಿ ಎರಡು ತುದಿಗಳನ್ನು ಹಿಡಿದು ನಿಲ್ಲಿಸುತ್ತವೆ. ಕಲೆಯೆಂದರೆ ಇದೇ. ಹೊಸ ಎಳೆಗಳ ತುದಿ ಎಷ್ಟೋ ಸಲ ಈ ಕಲೆಯನ್ನು ದಾಟಲಾರದೆ ಅದಕ್ಕೇ ಅಂಟಿಕೊಳ್ಳುತ್ತದೆ. ಹಾಗೆ ಒಂದೇ ಆಗಿದ್ದ ಎಳೆ, ನಡುವೆ ಕಲೆಯಿಟ್ಟುಕೊಂಡ ಎರಡು ಎಳೆಗಳಾಗುತ್ತದೆ. ನರದ ಸಂಪರ್ಕ ಕಡಿದುಹೋದ ತುಂಡಿಗೆ ನರವೂ ಹೊಸದಾಗಿ ಬೆಳೆದು ಬರಬೇಕು.

ಎಷ್ಟು ದಿನ ವಿಶ್ರಾಂತಿ? ಫಿನ್ಲೆಂಡಿನ ಸಂಶೋಧಕರು ಇಲಿಗಳಲ್ಲಿ ಕಂಡಂತೆ, ತಕ್ಷಣವೇ ಕಾಲು ಆಡಿಸಿದರೆ ಕಲೆ ದೊಡ್ಡದಾಗುತ್ತದೆ, ಗಾಯ ಮತ್ತೆ ಹರಿಯಬಹುದು. ತುಂಬಾ ದಿನ ಕಟ್ಟಿಟ್ಟರೆ ಎಳೆಗಳು ದಿಕ್ಕುತಪ್ಪಿ ಬೆಳೆಯುತ್ತವೆ. 2017ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ತೊಡೆ, ಮೀನಖಂಡ ಹರಿದ 50 ಹವ್ಯಾಸಿ ಆಟಗಾರರಿದ್ದರು. ಎರಡನೇ ದಿನವೇ ವ್ಯಾಯಾಮ ಆರಂಭಿಸಿದವರು ಸುಮಾರು 62 ದಿನಗಳಲ್ಲಿ ನೋವಿಲ್ಲದೆ ಆಟಕ್ಕೆ ಮರಳಿದರು. ಒಂಬತ್ತು ದಿನ ಕಾದವರಿಗೆ 83 ದಿನ ಬೇಕಾಯಿತು. ಅಷ್ಟು ತಡ, ಒಂದು ವಾರದ ಹಿಂಜರಿಕೆಯಿಂದ!

ನಮ್ಮಲ್ಲಿ ಉಳುಕಿದ ದಿನವೇ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಿಕೊಳ್ಳುವ ರೂಢಿ ಇದೆ. ರಕ್ತ ಸೋರುತ್ತಿರುವ ಗಾಯಕ್ಕೆ ಅದು ಹಿತವಲ್ಲ. ಮೊದಲ ಒಂದೆರಡು ದಿನ ಬಿಗಿಪಟ್ಟಿ, ಬಟ್ಟೆಯಲ್ಲಿ ಸುತ್ತಿದ ಐಸು, ಕಾಲು ಎತ್ತರದಲ್ಲಿಡುವುದು ಸಾಕು.

ಕೂಡಿದ ಮೇಲೂ ಕಲೆ ತಿಂಗಳುಗಟ್ಟಲೆ ಎಂಆರ್‌ಐನಲ್ಲಿ ಕಾಣಿಸುತ್ತದೆ. ಒಮ್ಮೆ ಹರಿದ ಹ್ಯಾಮ್‌ಸ್ಟ್ರಿಂಗ್ ಮತ್ತೆ ಹರಿಯುವ ಸಾಧ್ಯತೆಯೂ ಹೆಚ್ಚು. ಅದಕ್ಕೇ ಫುಟ್‌ಬಾಲ್ ತರಬೇತುದಾರರು ಮಂಡಿಯೂರಿಸಿ, ಹಿಂದಿನಿಂದ ಪಾದ ಹಿಡಿಸಿ, ನಿಧಾನವಾಗಿ ಮುಂದಕ್ಕೆ ಬಾಗಿಸುವ ನಾರ್ಡಿಕ್ ವ್ಯಾಯಾಮ ಮಾಡಿಸುತ್ತಾರೆ.