ಛಾಯೆಯನ್ನು ಹಿಡಿಯುವ ಹಂಬಲ

‘ಛಾಯಾ’ ಶಬ್ದಕ್ಕೆ ಅಮರಕೋಶವು ಸೂರ್ಯನ ಪತ್ನಿ, ಕಾಂತಿ, ಪ್ರತಿಬಿಂಬ, ನೆರಳು ಎಂಬ ನಾಲ್ಕು ಅರ್ಥಗಳನ್ನು ಹೇಳುತ್ತದೆ. ಮೊದಲನೆಯದನ್ನು ಪುರಾಣಿಕರಿಗೆ ಬಿಟ್ಟರೆ ಉಳಿದ ಮೂರೂ ಛಾಯಾಗ್ರಾಹಕನ ಸೊತ್ತು. ಪಾಶ್ಚಾತ್ಯರು ಈ ಕಲೆಯನ್ನು ಬೆಳಕಿನ ಬರಹವೆಂದು ಕರೆದರು, ನಾವು ಗ್ರಹಣವೆಂದೆವು. ಗ್ರಹಣವೆಂದರೆ ಹಿಡಿಯುವುದು, ಅರಿಯುವುದೂ ಹೌದು. ಒಮ್ಮೆ ಕ್ಯಾಮರಾ ಎತ್ತಿಕೊಂಡವರಲ್ಲಿ ಕೆಲವರು ಅದನ್ನು ಜೀವಮಾನವೆಲ್ಲ ಕೆಳಗಿಡಲಾರದೆ ಹೋಗುವುದೇಕೆಂಬುದನ್ನು ಈ ಎರಡು ಅರ್ಥಗಳಿಂದಲೇ ವಿಚಾರಿಸಬಹುದು.

ಮೊದಲು ಹುಟ್ಟುವುದು ಹಿಡಿದಿಡುವ ಆಸೆ. ಶಾಲೆ ಬಿಡುವ ವರ್ಷ ಗುರುಗಳನ್ನು ನಡುವೆ ಕುಳ್ಳಿರಿಸಿ ತೆಗೆಸಿದ ಗುಂಪುಚಿತ್ರದಲ್ಲಿ ಈಗ ಯಾರು ಯಾರಿಲ್ಲವೆಂದು ಬೆರಳಿಟ್ಟು ಎಣಿಸುವ ಹಳೆಯ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಈ ಆಸೆ ಎಲ್ಲರಲ್ಲಿಯೂ ಉಂಟು. ಎಲ್ಲರೂ ನಿತ್ಯ ಛಾಯಾಗ್ರಾಹಕರಾಗುವುದಿಲ್ಲ.

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಕಡೆ ರೇಷ್ಮೆಯ ಹುಳುಮನೆಗೆ ಕ್ಯಾಮರಾ ಹಿಡಿದು ಹೋದವನ ಪಾಡನ್ನು ನೋಡಬೇಕು. ನಾಲ್ಕು ಜ್ವರ ದಾಟಿ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಅದು ತಲೆಯಾಡಿಸುತ್ತ ಎಳೆ ಬಿಡತೊಡಗುತ್ತದೆ. ಪೊರೆ ಇನ್ನೂ ತೆಳುವಾಗಿದ್ದು, ಹಿಂದಿನಿಂದ ಬಿದ್ದ ಬೆಳಕಿನಲ್ಲಿ ಒಳಗಿನ ಹುಳು ಕಾಣುವುದು ಸ್ವಲ್ಪ ಕಾಲ ಮಾತ್ರ. ಆಮೇಲೆ ಗೂಡು ಬಲಿತು ನೇಕಾರ ಮರೆಯಾಗುತ್ತಾನೆ. ಆ ಹೊತ್ತು ತಪ್ಪಿದರೆ ಮುಂದಿನ ಬೆಳೆಗೆ ಕಾಯಬೇಕು. ಕಾಯುವಾಗಲೇ ಸೊಪ್ಪು ಮೇಯುವ ಹುಳುಗಳ ಸದ್ದು ಸೋನೆಮಳೆಯಂತೆ ಕೇಳುವುದು, ಜ್ವರಕ್ಕೆ ಕೂತ ಹುಳು ತಲೆಯೆತ್ತಿ ನಿಶ್ಚಲವಾಗಿರುವುದು ಅವನ ಅರಿವಿಗೆ ಬರುತ್ತವೆ. ಮೊದಲ ಸಲ ಚಿತ್ರಕ್ಕಾಗಿ ಹೋದವನು ಎರಡನೆಯ ಸಲ ಹುಳುವಿಗಾಗಿಯೇ ಹೋಗುತ್ತಾನೆ. ಹವ್ಯಾಸವು ಬೇರುಬಿಡುವುದು ಅಲ್ಲಿ.

ನಮ್ಮ ನಾಡಿನ ಹಿರಿಯರನ್ನು ನೋಡಿದರೂ ಇದೇ ತೋರುತ್ತದೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಹಣದಿಂದ ಬದುಕಿದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಆದರೂ ಅವರ ಕಣ್ಣು ಮರಳಿ ಮರಳಿ ಹೋದದ್ದು ಸಾಮಾನ್ಯ ಜನರ ಕಡೆಗೆ, ಮಕ್ಕಳ ಕಡೆಗೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಕಾಡಿನ ಜೀವಿಗಳಿಗಾಗಿ ಕಾದರು. ಸಂಡೂರಿನ ಎಂ. ವೈ. ಘೋರ್ಪಡೆಯವರಿಗೆ ರಾಜ್ಯದ ಹಣಕಾಸಿನ ಹೊಣೆಯಿತ್ತು, ಪೂರ್ಣಚಂದ್ರ ತೇಜಸ್ವಿಯವರಿಗೆ ಕಾಫಿ ತೋಟವೂ ಬರವಣಿಗೆಯೂ ಇದ್ದವು. ಇವರಿಬ್ಬರನ್ನು ಕ್ಯಾಮರಾದೊಡನೆ ಕಾಡಿಗೆ ಕರೆದೊಯ್ದದ್ದು ಹೊಟ್ಟೆಪಾಡಲ್ಲ.

ಕೀರ್ತಿ, ಬಹುಮಾನ, ಸಲಕರಣೆಯ ಮೋಹ ಇವೂ ಪ್ರೇರಣೆಗಳೇ. ಆದರೆ ಬಹುಮಾನ ಬಾರದ ವರ್ಷ ಇವುಗಳ ಬಲ ಕುಂದುತ್ತದೆ.

36 ಚಿತ್ರಗಳ ಫಿಲ್ಮ್ ಸುರುಳಿಯ ಕಾಲದಲ್ಲಿ ಖರ್ಚಿನ ಭಯವೇ ಕಾಯುವುದನ್ನು ಕಲಿಸುತ್ತಿತ್ತು. ಇಂದು ಫೋನಿಗೆ ಆ ಭಯವಿಲ್ಲ. ಹಿಡಿಯುವುದು ಸುಲಭವಾದಷ್ಟೂ ಅರಿಯುವುದು ಹಿಂದೆ ಬಿದ್ದಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯೇರಿದ ಮಗು ತಂದೆಯ ಮುಖವನ್ನು ಅರಸಿದರೆ, ಮೇಲೆತ್ತಿದ ಫೋನಿನ ಬೆನ್ನು ಕಾಣುತ್ತದೆ. ಪಳಗಿದ ಛಾಯಾಗ್ರಾಹಕನಾದರೋ ನಾಲ್ಕಾರು ಚಿತ್ರಗಳನ್ನು ತೆಗೆದು, ಕ್ಯಾಮರಾವನ್ನು ಚೀಲಕ್ಕೆ ಸೇರಿಸಿ, ಮಗುವಿನ ನಾಟಕವನ್ನು ನೋಡುತ್ತ ಕುಳಿತಿರುತ್ತಾನೆ.