ವೇಗದ ಸಂಕೇತ ಕೆಡುವುದೇಕೆ?

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ತರುಣರೊಬ್ಬರು ಎಲೆಕ್ಟ್ರಾನಿಕ್ ರಿಪೇರಿ ಅಂಗಡಿಯಲ್ಲಿ ದುಡಿಯುತ್ತಾರೆ. 3.3 ವೋಲ್ಟಿನ ಮೈಕ್ರೋಕಂಟ್ರೋಲರಿನಿಂದ 5 ವೋಲ್ಟಿನ ಡಿಸ್‌ಪ್ಲೇಗೆ ಸಂಕೇತ ದಾಟಿಸಲು ಅವರು ವೋಲ್ಟೇಜ್ ಬದಲಿಸುವ ಅಗ್ಗದ ಬೋರ್ಡೊಂದನ್ನು ಹಾಕಿದ್ದರು. ನಿಧಾನವಾಗಿ ಕಳಿಸಿದರೆ ಸರಿ. ವೇಗ ಹೆಚ್ಚಿಸಿದೊಡನೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಮೂರು ಬೋರ್ಡು ಬದಲಿಸಿದರು. ಮಾಲೀಕರು ಆ ಹಣವನ್ನು ಸಂಬಳದಲ್ಲಿ ಮುರಿದುಕೊಂಡರು. ಆದರೆ ಬೋರ್ಡುಗಳಲ್ಲಿ ದೋಷವೇ ಇರಲಿಲ್ಲ!

ಇಂಥ ಬೋರ್ಡಿನಲ್ಲಿ ಪ್ರತಿ ಸಾಲಿಗೂ ಒಂದು ಮಾಸ್‌ಫೆಟ್, ಎರಡು 10 ಕಿಲೋ ಓಮ್ ರೆಸಿಸ್ಟರುಗಳಿರುತ್ತವೆ. ಸಾಲನ್ನು ಸೊನ್ನೆಗಿಳಿಸುವಾಗ ಮಾಸ್‌ಫೆಟ್ ಥಟ್ಟನೆ ಎಳೆಯುತ್ತದೆ. 5 ವೋಲ್ಟಿಗೆ ಏರಿಸುವಾಗ ಕೊನೆಯ ಪಾಲೆಲ್ಲ ರೆಸಿಸ್ಟರಿನದೇ. ಚಾಳಿನ ನಲ್ಲಿಯನ್ನು ನೆನೆಯಿರಿ: ಕೊಡ ಬರಿದು ಮಾಡಲು ಕ್ಷಣ ಸಾಕು, ಸಣ್ಣ ಧಾರೆಯಲ್ಲಿ ತುಂಬಿಸಲು ಹೊತ್ತು ಬೇಕು. ಇಲ್ಲಿ ಕೊಡವೆಂದರೆ ತಂತಿ ಹಾಗೂ ಚಿಪ್ಪಿನ ಕಾಲುಗಳ ಕೆಪಾಸಿಟೆನ್ಸ್. ಅದು 50 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳೋಣ. 10 ಕಿಲೋ ಓಮಿನಿಂದ ಗುಣಿಸಿದರೆ 500 ನ್ಯಾನೋಸೆಕೆಂಡು. ಏರಿಕೆಗೆ ಅದರ 2.2 ಪಟ್ಟು, ಅಂದರೆ 1.1 ಮೈಕ್ರೋಸೆಕೆಂಡು ಹಿಡಿಯುತ್ತದೆ. 100 ಕಿಲೋಹರ್ಟ್ಸ್ ವೇಗದಲ್ಲಿ ಅರ್ಧ ಸುತ್ತಿಗೆ 5 ಮೈಕ್ರೋಸೆಕೆಂಡು ಸಿಗುತ್ತದೆ, ತೊಂದರೆಯಿಲ್ಲ. 10 ಮೆಗಾಹರ್ಟ್ಸ್‌ನಲ್ಲಿ ಸಿಗುವುದು 50 ನ್ಯಾನೋಸೆಕೆಂಡು ಮಾತ್ರ. ತುಂಬುವ ಮೊದಲೇ ಕೊಡ ಬರಿದಾಗುತ್ತದೆ.

ಆದ್ದರಿಂದ ಬಿಡಿಭಾಗ ಎಸೆಯುವ ಮುನ್ನ ಆಸಿಲೋಸ್ಕೋಪಿನಲ್ಲಿ ಈ ಕ್ರಮದಿಂದ ನೋಡಬೇಕು.

ಒಂದು: ಪ್ರೋಬನ್ನು 10 ಪಟ್ಟಿನ ಸ್ಥಾನದಲ್ಲಿಡಿ. 1 ಪಟ್ಟಿನಲ್ಲಿಟ್ಟರೆ ಪ್ರೋಬೇ ಸುಮಾರು 100 ಪಿಕೋಫ್ಯಾರಡ್ ಭಾರ ಹೇರಿ ಅಲೆಯನ್ನು ಕೆಡಿಸಬಹುದು. ಅದರ ಗ್ರೌಂಡ್ ತಂತಿಯೂ ಗಿಡ್ಡವಾಗಿರಲಿ.

ಎರಡು: ಅಲೆ ಬಾಗಿದ ಬಿಲ್ಲಿನಂತೆ ನಿಧಾನವಾಗಿ ಏರಿ ಥಟ್ಟನೆ ಬಿದ್ದರೆ, ಮೇಲೆ ಹೇಳಿದ ದೋಷವೇ. ರೆಸಿಸ್ಟರನ್ನು 1 ಕಿಲೋ ಓಮಿಗೆ ಇಳಿಸಿದರೂ ಏರಿಕೆಗೆ 110 ನ್ಯಾನೋಸೆಕೆಂಡು ಬೇಕು. 10 ಮೆಗಾಹರ್ಟ್ಸಿಗೆ ಅದೂ ಸಾಲದು. ಸಂಕೇತ ಒಂದೇ ದಿಕ್ಕಿಗೆ ಹೋಗುವುದಾದರೆ 5 ವೋಲ್ಟಿನಲ್ಲಿ ನಡೆಯುವ 74ಎಎಚ್‌ಸಿಟಿ125 ಚಿಪ್ಪು ಹಾಕಿ. ಅದು 2 ವೋಲ್ಟಿಗೆ ಮೇಲ್ಪಟ್ಟುದನ್ನೆಲ್ಲ ‘ಒಂದು’ ಎಂದೇ ತಿಳಿಯುತ್ತದೆ. ಏರಿಸುವುದನ್ನೂ ಇಳಿಸುವುದನ್ನೂ ಬಲವಾಗಿಯೇ ಮಾಡುತ್ತದೆ. ವಿದ್ಯುತ್ ಕಾಲಿನ ಬಳಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮರೆಯಬೇಡಿ.

ಮೂರು: ಅಂಚು ಚೂಪಾಗಿದ್ದು, ಆಮೇಲೆ ಅಲೆ ಕುಣಿದರೆ, ತಂತಿ ಉದ್ದವಾಯಿತೆಂದು ಅರ್ಥ. ಗಿಡ್ಡ ಮಾಡಿ, ಪಕ್ಕದಲ್ಲೇ ಗ್ರೌಂಡ್ ತಂತಿ ಒಯ್ಯಿರಿ. ಕಳಿಸುವ ಚಿಪ್ಪಿನ ಬಳಿ 33 ಓಮ್ ರೆಸಿಸ್ಟರ್ ಸೇರಿಸಿ ನೋಡಿ.

ಆ ತರುಣರು ಚಿಪ್ಪು ಬದಲಿಸಿದರು; ಡಿಸ್‌ಪ್ಲೇ ಸರಿಹೋಯಿತು. ತೆಗೆದಿಟ್ಟ ಮೂರು ಬೋರ್ಡುಗಳೂ ನಿಧಾನದ ಕೆಲಸಕ್ಕೆ ಚೆನ್ನಾಗಿಯೇ ಇವೆ. ಮುರಿದ ಸಂಬಳವನ್ನು ಹಿಂದಕ್ಕೆ ಕೇಳಲು ಈಗ ಅವರ ಕೈಯಲ್ಲಿ ಲೆಕ್ಕವಿದೆ. ಇಂಥ ತೊಡಕುಳ್ಳ ಬಂಧುಗಳು ವಾಚನಾಲಯದ ಮೇಜಿನಲ್ಲಿ ಬರೆದಿಡಬೇಕೆಂದು ವಿನಂತಿ.