ಉಕ್ಕಿನೊಳಗೆ ಸೆರೆಸಿಕ್ಕ ಹೈಡ್ರೋಜನ್

ಸ್ಯಾನ್ ಫ್ರಾನ್ಸಿಸ್ಕೊ–ಓಕ್‌ಲೆಂಡ್ ಬೇ ಸೇತುವೆಯ ಹೊಸ ಪೂರ್ವಭಾಗ ಸಂಚಾರಕ್ಕೆ ತೆರೆಯಲು ಇನ್ನು ಆರು ತಿಂಗಳಿತ್ತು. 2013ರ ಮಾರ್ಚ್‌ನಲ್ಲಿ, ಭೂಕಂಪದ ಹೊಡೆತ ತಾಳುವ ಭಾರಿ ಬಿಡಿಭಾಗಗಳನ್ನು ಕಂಬಕ್ಕೆ ಕಚ್ಚಿಸಿದ್ದ 96 ಉಕ್ಕಿನ ಸರಳುಗಳನ್ನು ಬಿಗಿಯಲಾಯಿತು. ಎರಡು ವಾರದೊಳಗೆ ಅವುಗಳಲ್ಲಿ 32 ಒಂದಾದ ಮೇಲೊಂದು ತುಂಡಾದವು. ಒಂದೊಂದೂ ಮೂರು ಇಂಚು ದಪ್ಪ. ಹೊಸ ಹೊರೆಯೇನೂ ಬಿದ್ದಿರಲಿಲ್ಲ, ನೆಲ ನಡುಗಿರಲಿಲ್ಲ. ಎಳೆತ ತಾಳಿಕೊಂಡು ನಿಂತಿದ್ದ ಉಕ್ಕು ಕೆಲವು ದಿನ ಕಳೆದ ಮೇಲೆ ತಾನಾಗಿ ಮುರಿಯಿತು. ತನಿಖೆಯಲ್ಲಿ ಸಿಕ್ಕ ಅಪರಾಧಿ ಹೈಡ್ರೋಜನ್.

ಇದರ ಜಾಡು ಹಿಡಿದು ಹೊರಟರೆ ವಿಲಿಯಂ ಜಾನ್ಸನ್ ಎಂಬಾತ 1875ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಬಂದು ಮುಟ್ಟುತ್ತೇವೆ. ಕಬ್ಬಿಣ, ಉಕ್ಕಿನ ತುಂಡುಗಳನ್ನು ಕೆಲವು ನಿಮಿಷ ಆಮ್ಲದಲ್ಲಿ ಅದ್ದಿ ತೆಗೆದು ಬಗ್ಗಿಸಿದರೆ ಅವು ಪಟ್ಟನೆ ಮುರಿಯುತ್ತಿದ್ದವು. ಮುರಿದ ಬಾಯಿಗೆ ತೇವ ಸೋಕಿಸಿದರೆ ಅಲ್ಲಿಂದ ಗುಳ್ಳೆಗಳೇಳುತ್ತಿದ್ದವು! ಲೋಹದ ಒಡಲಿನಿಂದ ಅನಿಲ ಹೊರಬರುವುದನ್ನು ಆತ ಬರಿಗಣ್ಣಿನಲ್ಲೇ ಕಂಡ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಆ ಪ್ರಬಂಧದಲ್ಲಿದೆ: ತುಂಡನ್ನು ಹಾಗೇ ಬಿಟ್ಟರೆ ನಿಧಾನವಾಗಿ, ಬಿಸಿ ಮಾಡಿದರೆ ಬೇಗ, ಅದರ ಹಳೆಯ ಗುಣ ಮರಳುತ್ತಿತ್ತು. ಇಂದಿಗೂ ಗಟ್ಟಿ ಉಕ್ಕಿನ ಬೋಲ್ಟ್‌ಗಳಿಗೆ ಪ್ಲೇಟಿಂಗ್ (ಲೋಹಲೇಪ) ಮಾಡಿದ ಕೆಲವೇ ಗಂಟೆಗಳಲ್ಲಿ, ಆಗ ಒಳಸೇರಿದ ಹೈಡ್ರೋಜನ್ ಹೊರಹೋಗಲೆಂದು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿಟ್ಟು ಬೇಯಿಸುವುದರ ಬೇರು ಅಲ್ಲೇ ಇದೆ.

ಹೈಡ್ರೋಜನ್ ಅಣುವಾಗಿ ಒಳಹೋಗುವುದಿಲ್ಲ. ಉಕ್ಕಿನ ಮೈಮೇಲೆ ಬಿಡಿ ಪರಮಾಣುವಾಗಿ, ಜಾತ್ರೆಯ ಜಂಗುಳಿಯಲ್ಲಿ ಮಗು ದೊಡ್ಡವರ ಕಾಲುಗಳ ನಡುವೆ ನುಸುಳುವಂತೆ, ಕಬ್ಬಿಣದ ಪರಮಾಣುಗಳ ಸಂದಿಯಲ್ಲಿ ನುಸುಳುತ್ತದೆ. ಎಳೆತ ಹೆಚ್ಚಿರುವ ಕಡೆ ಆ ಸಂದಿಗಳು ತುಸು ಹಿಗ್ಗಿರುತ್ತವೆ. ಹೀಗಾಗಿ ಬಿರುಕಿನ ತುದಿ ಎಲ್ಲಿದೆಯೋ ಅಲ್ಲೇ ಅದು ಬಂದು ಸೇರುತ್ತದೆ. ಹಾಗೆ ಸೇರಲು ಹೊತ್ತು ಹಿಡಿಯುವುದರಿಂದಲೇ ಸರಳು ಬಿಗಿದ ದಿನ ಮುರಿಯದೆ ಆಮೇಲೆ ಮುರಿಯುತ್ತದೆ. ಬಹಳ ಗಟ್ಟಿಯಾದ ಉಕ್ಕಾದರೆ ಟನ್ನಿಗೆ ಕೆಲವು ಗ್ರಾಂ ಸಾಕು. ಪರಮಾಣುಗಳ ಬೆಸುಗೆಯನ್ನೇ ಅದು ಸಡಿಲಿಸುತ್ತದೆಂದು ಒಂದು ವಾದ, ಬಿರುಕಿನ ತುದಿಯಲ್ಲಿ ಲೋಹ ಸುಲಭವಾಗಿ ಜಾರುವಂತೆ ಮಾಡುತ್ತದೆಂದು ಇನ್ನೊಂದು. ತಕರಾರು ಇನ್ನೂ ಮುಗಿದಿಲ್ಲ.

ಬೇ ಸೇತುವೆಯ ಸರಳುಗಳು 2008ರಿಂದ ಕಂಬದೊಳಗಿನ ರಂಧ್ರಗಳಲ್ಲಿದ್ದವು, ಆ ರಂಧ್ರಗಳಲ್ಲಿ ನೀರು ನಿಂತಿತ್ತು. ತುಕ್ಕು ಹಿಡಿಯದಿರಲೆಂದು ಸರಳುಗಳಿಗೆ ಸತುವಿನ ಲೇಪ ಕೊಟ್ಟಿದ್ದರು. ನೀರಿನಲ್ಲಿ ಸತು ಕರಗುತ್ತಿದ್ದರೆ ಪಕ್ಕದ ಉಕ್ಕಿನ ಮೇಲೆ ಹೈಡ್ರೋಜನ್ ಹುಟ್ಟುತ್ತದೆ.

ಒಳಗೆ ಬಂದದ್ದೆಲ್ಲ ಓಡಾಡಿಕೊಂಡಿರುತ್ತದೆಯೇ? 1949ರಲ್ಲಿ ಡಾರ್ಕನ್ ಮತ್ತು ಸ್ಮಿತ್ ಎಂಬ ಸಂಶೋಧಕರು, ತಣ್ಣಗಿದ್ದಾಗಲೇ ಒತ್ತಿ ರೂಪಿಸಿದ ಉಕ್ಕು ಹೆಚ್ಚು ಹೈಡ್ರೋಜನ್ ಹೀರಿಕೊಂಡು ನಿಧಾನವಾಗಿ ಬಿಡುವುದನ್ನು ಗಮನಿಸಿದರು. ಪರಮಾಣುಗಳ ಸಾಲು ತಪ್ಪಿದ ಜಾಗಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತಿವೆ ಎಂಬ ತಿಳಿವು ಅಲ್ಲಿಂದ ಬೆಳೆಯಿತು. ಈ ಕಥೆಯಲ್ಲಿ ನನಗೆ ಅತ್ಯಂತ ಹಿಡಿಸುವ ತಿರುವು ಇದೇ. ಸೆರೆಯಾದ ಹೈಡ್ರೋಜನ್ ಬಿರುಕಿನತ್ತ ಹೋಗಲಾರದು. ಹಾಗಾದರೆ ಸೆರೆಮನೆಯನ್ನು ನಾವೇ ಏಕೆ ಕಟ್ಟಬಾರದು? ಉಕ್ಕಿಗೆ ಚೂರು ನಿಯೋಬಿಯಂ, ವನೇಡಿಯಂ ಬೆರೆಸಿ ಒಳಗೆಲ್ಲ ಕಾರ್ಬೈಡಿನ ಸೂಕ್ಷ್ಮ ಕಣಗಳನ್ನು ಮೂಡಿಸುವ ಪ್ರಯತ್ನ ಹೀಗೆ ಬಲ ಪಡೆಯಿತು. ಆದರೆ ಹೈಡ್ರೋಜನ್ ನಿಜಕ್ಕೂ ಅಲ್ಲೇ ಸಿಕ್ಕಿದೆಯೆಂದು ಪರಮಾಣು ಮಟ್ಟದಲ್ಲಿ ತೋರಿಸುವುದು ಬಹುಕಾಲ ಕೈಗೂಡಲಿಲ್ಲ. 2020ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ತಂಡವೊಂದು ಅದರ ಭಾರದ ರೂಪವಾದ ಡ್ಯುಟೀರಿಯಂ ಅನ್ನು ಉಕ್ಕಿಗೆ ತುಂಬಿ, ತಪ್ಪಿಸಿಕೊಳ್ಳದಂತೆ ಗಡ್ಡೆಗಟ್ಟುವಷ್ಟು ತಣಿಸಿ, ಪರಮಾಣುಗಳನ್ನು ಒಂದೊಂದಾಗಿ ಕಿತ್ತು ಎಣಿಸುವ ಯಂತ್ರದಲ್ಲಿ ನೋಡಿತು. ಸಾಲು ತಪ್ಪಿದ ಕಡೆ, ಹರಳುಗಳ ಗಡಿಯಲ್ಲಿ, ನಿಯೋಬಿಯಂ ಕಾರ್ಬೈಡಿನ ಅಂಚಿನಲ್ಲಿ ಅದು ಸಿಕ್ಕಿತು.

ಭಾರತದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿ ಇಟ್ಟುಕೊಂಡಿದೆ. ಅದನ್ನು ಉಕ್ಕಿನ ಕೊಳವೆಗಳಲ್ಲಿ ಸಾಗಿಸುವುದಾದರೆ ಇದೇ ಪ್ರಶ್ನೆ ಮತ್ತೆ ಏಳುತ್ತದೆ. ಪ್ಲೇಟಿಂಗ್‌ನಲ್ಲಿ ಒಮ್ಮೆ ಒಳಸೇರಿದ ಹೈಡ್ರೋಜನ್ನಿಗೆ ಸೆರೆಮನೆ ಸಾಕಾದೀತು. ಆದರೆ ಒತ್ತಡದ ಅನಿಲ ಹಗಲಿರುಳು ತಾಗಿಕೊಂಡೇ ಇರುವ ಕೊಳವೆಯಲ್ಲಿ ಆ ಸೆರೆಮನೆಯೂ ತುಂಬಿಹೋಗಬಹುದು. ಅಲ್ಲಿ ಅತಿ ಗಟ್ಟಿ ಉಕ್ಕಿನ ಆಸೆ ಬಿಟ್ಟು ಮೆದು ಉಕ್ಕನ್ನೇ ದಪ್ಪವಾಗಿ ಬಳಸಬೇಕು, ಬೆಸುಗೆ ಹಾಕಿದ ಕಡೆಯ ಗಡಸನ್ನು ಅಳೆದೇ ಮುಂದುವರಿಯಬೇಕು.